ಗೇಣುದ್ದ ಆಗುವ ಮುಂಚೆ

ಆತ್ಮೀಯ ಸದಸ್ಯರೇ,

"ಗಿಡ ಚೆನ್ನಾಗಿದೆ, ದಿನಾ ಹೂ ಬಿಡ್ತಿದೆ, ಆದ್ರೆ ಒಂದೂ ಕಾಯಿ ಕಚ್ತಿಲ್ಲ." ಹೋದ ಬೇಸಿಗೆಯಲ್ಲಿ ಸಂಘದ ಸದಸ್ಯೆಯೊಬ್ಬರು ಫೋನ್ ಮಾಡಿ ಹೀಗೆ ಹೇಳಿದರು. ಬಾಲ್ಕನಿಯ ಕುಂಡದಲ್ಲಿ ಮೊದಲ ಸಲ ಕೋರ್ಜೆಟ್ ಹಾಕಿದ್ದರು. ಗಿಡವನ್ನು ಕಿತ್ತು ಹಾಕಲು ಹೊರಟಿದ್ದರು. ಕೀಳಬೇಡಿ, ಈಗ ಬಿಡುತ್ತಿರುವುದು ಬರೀ ಗಂಡು ಹೂ, ಇನ್ನು ಸ್ವಲ್ಪ ದಿನ ಕಾಯಿರಿ ಎಂದೆ. ಎರಡು ವಾರದ ಮೇಲೆ ಅವರಿಂದ ಕಾಯಿಯ ಫೋಟೋ ಬಂತು. ಅದನ್ನು ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಅದಕ್ಕೇ ಈ ಸಲದ ಸಂಪಾದಕೀಯವನ್ನು ಈ ಗಿಡಕ್ಕೇ ಬಿಟ್ಟಿದ್ದೇನೆ. ಕೋರ್ಜೆಟ್, ಝುಕಿನಿ ಎರಡೂ ಒಂದೇ. ಕುಂಬಳದ ಬಳಗದ್ದು. ಬೀಜ ಹಾಕಿದ ಎರಡು ತಿಂಗಳೊಳಗೆ ಸಾಮಾನ್ಯವಾಗಿ ಕಾಯಿ ಕೈಗೆ ಬರುತ್ತದೆ. ಮೊದಲ ಸಲ ತರಕಾರಿ ಬೆಳೆಯುವವರಿಗೆ ಇದಕ್ಕಿಂತ ಒಳ್ಳೆಯ ಗಿಡ ನಾನು ಕಂಡಿಲ್ಲ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಮಾತ್ರ ಬೇಕೇ ಬೇಕು.

ಕುಂಡದ ವಿಷಯದಲ್ಲಿ ಜಿಪುಣತನ ಬೇಡ. 45 ಸೆಂಟಿಮೀಟರ್ ಅಗಲ, 40 ಲೀಟರ್ ಮಣ್ಣು ಹಿಡಿಯುವಂಥದ್ದು ಇದ್ದರೆ ಒಳ್ಳೆಯದು. ತಳದಲ್ಲಿ ತೂತುಗಳಿರಲಿ. ಒಂದು ಕುಂಡಕ್ಕೆ ಒಂದೇ ಗಿಡ. ಸಸಿ ಪುಟ್ಟದಾಗಿರುವಾಗ ಕುಂಡ ಖಾಲಿ ಖಾಲಿ ಕಾಣುತ್ತದೆ, ಇನ್ನೊಂದನ್ನೂ ನೆಡೋಣ ಅನಿಸುತ್ತದೆ. ನೆಡಬೇಡಿ. ತಿಂಗಳೊಳಗೆ ಅದರ ಎಲೆಗಳೇ ಕುಂಡದ ಆಚೆಗೂ ಹರಡುತ್ತವೆ. ಎರಡು ಗಿಡ ಇಟ್ಟರೆ ಒಂದೇ ಮಣ್ಣಿಗೆ ಕಿತ್ತಾಡಿ ಎರಡೂ ಸೊರಗುತ್ತವೆ. ಬೀಜ ಕೊಳ್ಳುವಾಗ ಹಬ್ಬುವ ತಳಿ ಬಿಟ್ಟು ಪೊದೆಯಂತೆ ಬೆಳೆಯುವುದನ್ನು ಆರಿಸಿ.

ಬೀಜವನ್ನು ಎರಡು ಸೆಂಟಿಮೀಟರ್ ಆಳಕ್ಕೆ ಊರಿ. 20 ಡಿಗ್ರಿ ಬೆಚ್ಚಗಿದ್ದರೆ ಒಂದು ವಾರದಲ್ಲಿ ಮೊಳಕೆ ಕಾಣುತ್ತದೆ. ಇದು ಚಳಿ ತಡೆಯುವ ಗಿಡ ಅಲ್ಲ. ಒಂದು ರಾತ್ರಿ ಹಿಮ ಬಿದ್ದರೂ ಸತ್ತುಹೋಗುತ್ತದೆ. ಹಾಗಾಗಿ ಹಿಮ ಬೀಳುವ ಕಾಲ ಪೂರ್ತಿ ಕಳೆದ ಮೇಲೇ ಹೊರಗಿಡಿ. ಮನೆಯೊಳಗೆ ಬೆಳೆಸಿದ ಸಸಿಯನ್ನು ಏಕಾಏಕಿ ಬಿಸಿಲು ಗಾಳಿಗೆ ಒಡ್ಡಬೇಡಿ. ಒಂದು ವಾರ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿಟ್ಟು ಅಭ್ಯಾಸ ಮಾಡಿಸಿ.

ನೀರು ಮಾತ್ರ ತಪ್ಪಬಾರದು. ಕುಂಡದ ಮಣ್ಣು ಬೇಗ ಒಣಗುತ್ತದೆ, ಸೆಖೆಯಲ್ಲಿ ದಿನಾ ಬೇಕಾಗಬಹುದು. ಬೆರಳು ಊರಿ ನೋಡಿ, ಒಳಗೆ ಒಣಗಿದ್ದರೆ ಹಾಕಿ. ಎಲೆಯ ಮೇಲೆ ಅಲ್ಲ, ಬುಡಕ್ಕೆ. ಮಧ್ಯಾಹ್ನ ಎಲೆಗಳು ಜೋತುಬಿದ್ದರೆ ಗಾಬರಿ ಬೇಡ, ಸಂಜೆಗೆ ತಾವಾಗಿ ಎದ್ದುಕೊಳ್ಳುತ್ತವೆ. ಸಂಜೆಯಾದರೂ ಏಳದಿದ್ದರೆ ಅದು ನಿಜವಾದ ಬಾಯಾರಿಕೆ. ಕಾಯಿ ಕಚ್ಚಲು ಶುರುವಾದ ಮೇಲೆ ವಾರಕ್ಕೊಮ್ಮೆ ಟೊಮ್ಯಾಟೊ ಗಿಡಕ್ಕೆ ಕೊಡುವ ದ್ರವ ಗೊಬ್ಬರ ಕೊಡಿ, ಹೂ ಕಾಯಿಗೆ ಬೇಕಾದ ಪೊಟ್ಯಾಶ್ ಅದರಲ್ಲಿ ಹೆಚ್ಚು. ಸಾರಜನಕ ಜಾಸ್ತಿ ಇರುವ ಗೊಬ್ಬರ ಹಾಕಿದರೆ ಬರೀ ಎಲೆ ಬರುತ್ತದೆ.

ಈಗ ಹೂವಿನ ವಿಷಯ. ಒಂದೇ ಗಿಡದಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಇರುತ್ತವೆ. ಸಾಮಾನ್ಯವಾಗಿ ಗಂಡು ಹೂಗಳೇ ಮೊದಲು ಬರುತ್ತವೆ. ಅವಕ್ಕೆ ಸಣ್ಣನೆಯ ಉದ್ದ ತೊಟ್ಟು. ಹೆಣ್ಣು ಹೂವಿನ ಹಿಂದೆ ಆಗಲೇ ಬೆರಳಿನಷ್ಟು ದಪ್ಪದ ಹೀಚು ಕಾಣುತ್ತದೆ. ಹೂ ಅರಳುವುದು ಒಂದೇ ಬೆಳಿಗ್ಗೆ, ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಜೇನ್ನೊಣವೋ ದುಂಬಿಯೋ ಬಂದು ಪರಾಗ ತಲುಪಿಸಬೇಕು. ಇಲ್ಲದಿದ್ದರೆ ಹೀಚು ತುದಿಯಿಂದ ಹಳದಿಯಾಗಿ, ಮೆತ್ತಗಾಗಿ, ಉದುರಿಹೋಗುತ್ತದೆ. ನನ್ನ ಮೊದಲ ಗಿಡದಲ್ಲಿ ಏಳೆಂಟು ಹೀಚು ಹೀಗೇ ಹೋದವು. ರೋಗ ಅಂದುಕೊಂಡು ಔಷಧಿ ಹುಡುಕುತ್ತಿದ್ದೆ. ಬೇಕಾಗಿದ್ದದ್ದು ಬೆಳಿಗ್ಗೆ ಎದ್ದು ಎರಡು ನಿಮಿಷದ ಕೆಲಸ ಅಷ್ಟೆ.

ಆಗ ತಾನೇ ಅರಳಿದ ಗಂಡು ಹೂ ಒಂದನ್ನು ಕಿತ್ತು, ಎಸಳು ತೆಗೆಯಿರಿ. ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಿ. ಒಂದು ಗಂಡು ಹೂ ಎರಡು ಮೂರು ಹೆಣ್ಣು ಹೂಗಳಿಗೆ ಸಾಲುತ್ತದೆ. ಎತ್ತರದ ಮಹಡಿಯ ಬಾಲ್ಕನಿಗಳಲ್ಲಿ ಜೇನ್ನೊಣ ಕಡಿಮೆ, ಅಲ್ವಾ? ಅಲ್ಲಿರುವವರು ಇದನ್ನು ರೂಢಿ ಮಾಡಿಕೊಳ್ಳಲೇಬೇಕು. ಪರಾಗವಿಲ್ಲದೆಯೂ ಕಾಯಿ ಬಿಡುವ 'ಪಾರ್ಥೆನಾನ್' ನಂಥ ತಳಿಗಳೂ ಇವೆ. ಆದರೂ ಕೈಯಾರೆ ಸವರಿ, ನಾಲ್ಕೈದು ದಿನದಲ್ಲಿ ಆ ಹೀಚು ಉಬ್ಬುವುದನ್ನು ನೋಡುವ ಸಂತೋಷವನ್ನು ನೀವು ಒಮ್ಮೆಯಾದರೂ ಅನುಭವಿಸಬೇಕು ಎನ್ನುವುದು ನನ್ನ ಆಸೆ.

ಕೊಯ್ಲಿನಲ್ಲಿ ಹೊಸಬರು ಮಾಡುವ ತಪ್ಪು ಒಂದೇ. ಇನ್ನೂ ಸ್ವಲ್ಪ ದೊಡ್ಡದಾಗಲಿ ಎಂದು ಬಿಡುವುದು. ಇದು ಎಳೆಯದಾಗಿ ತಿನ್ನಲೆಂದೇ ಇರುವ ಕಾಯಿ. ಗೇಣುದ್ದ ಆಗುವ ಮುಂಚೆ, ಹತ್ತರಿಂದ ಹದಿನೈದು ಸೆಂಟಿಮೀಟರ್ ಇರುವಾಗಲೇ ಕೊಯ್ಯಿರಿ. ಆಗ ಸಿಪ್ಪೆ ತೆಳು, ಬೀಜ ಇದ್ದೂ ಇಲ್ಲದಂತೆ. ಬಿಟ್ಟ ಕಾಯಿ ಬಲಿತು, ನೀರು ನೀರಾಗಿ, ಸಪ್ಪೆಯಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಗಿಡದ ಗುರಿ ಬೀಜ ಮಾಡುವುದು. ಒಂದು ಕಾಯಿ ಬಲಿಯಲು ಬಿಟ್ಟರೆ ಗಿಡ ತನ್ನ ಶಕ್ತಿಯನ್ನೆಲ್ಲ ಅದಕ್ಕೇ ಸುರಿಯುತ್ತದೆ, ಹೊಸ ಹೂ ಕಡಿಮೆಯಾಗುತ್ತದೆ. ಕೊಯ್ದಷ್ಟೂ ಕಾಯಿ ಬಿಡುತ್ತದೆ. ಸೆಖೆಯಲ್ಲಿ ದಿನ ಬಿಟ್ಟು ದಿನ ನೋಡಲೇಬೇಕು. ಎಲೆಗಳನ್ನು ಎತ್ತಿ ಬುಡದವರೆಗೂ ಹುಡುಕಿ, ನೆರಳಲ್ಲಿ ಒಂದಾದರೂ ಅಡಗಿರುತ್ತದೆ. ಊರಿಗೆ ಹೊರಟರೆ ಸಣ್ಣದು ದೊಡ್ಡದು ನೋಡದೆ ಎಲ್ಲವನ್ನೂ ಕೊಯ್ದು, ನೀರು ಹಾಕಲು ಪಕ್ಕದ ಮನೆಯವರಿಗೆ ಹೇಳಿ ಹೋಗಿ.

ತಿರುಚಿ ಎಳೆಯಬೇಡಿ, ಕಾಂಡ ಮುರಿಯುತ್ತದೆ. ಹರಿತವಾದ ಚಾಕುವಿನಿಂದ ಸ್ವಲ್ಪ ತೊಟ್ಟು ಬಿಟ್ಟು ಕತ್ತರಿಸಿ. ಎಲೆಯ ತೊಟ್ಟಿನ ಸುಂಕು ಚುಚ್ಚುತ್ತದೆ, ತುಂಬುತೋಳಿನ ಅಂಗಿ ಇರಲಿ. ಫ್ರಿಜ್ಜಿನಲ್ಲಿ ಒಂದು ವಾರ ಚೆನ್ನಾಗಿರುತ್ತದೆ.

ಎಲೆಗಳ ಬಗ್ಗೆ ಒಂದು ಮಾತು. ನರಗಳ ನಡುವೆ ಬೆಳ್ಳಿ ಬಣ್ಣದ ಮಚ್ಚೆ ಕೆಲವು ತಳಿಗಳಲ್ಲಿ ಹುಟ್ಟಿನಿಂದಲೇ ಬರುತ್ತದೆ, ಅದು ರೋಗ ಅಲ್ಲ. ಉಜ್ಜಿದರೆ ಕೈಗೆ ಅಂಟುವ ಬಿಳಿ ಪುಡಿ ಇದ್ದರೆ ಮಾತ್ರ ಬೂದಿ ರೋಗ. ಬುಡದ ಮಣ್ಣು ಒಣಗಿದ ಗಿಡಕ್ಕೆ ಇದು ಬೇಗ ಹಿಡಿಯುತ್ತದೆ. ಹಳೆಯ ಎಲೆಗಳನ್ನು ತೆಗೆದು ಗಾಳಿಯಾಡಲು ಬಿಡಿ.

ಇನ್ನೊಂದು ಎಚ್ಚರಿಕೆ, ಇದನ್ನು ದಯವಿಟ್ಟು ಮನೆಮಂದಿಗೆಲ್ಲ ಹೇಳಿ. ಅಪರೂಪಕ್ಕೆ ಒಂದು ಕಾಯಿ ತುಂಬಾ ಕಹಿ ಇರುತ್ತದೆ. ಕುಕುರ್ಬಿಟಾಸಿನ್ ಎಂಬ ವಿಷದ ಅಂಶ ಅದಕ್ಕೆ ಕಾರಣ, ಬೇಯಿಸಿದರೂ ಹೋಗುವುದಿಲ್ಲ. ನಾಲಿಗೆಗೆ ಕಹಿ ತಾಗಿದ ಕೂಡಲೇ ಉಗಿದು, ಆ ಕಾಯಿಯನ್ನು ಎಸೆದುಬಿಡಿ. ನಿಮ್ಮದೇ ಗಿಡದ ಬೀಜ ಎತ್ತಿಟ್ಟು ಬಿತ್ತುವುದೂ ಬೇಡ. ಸುತ್ತಮುತ್ತಲಿನ ಅಲಂಕಾರದ ಕುಂಬಳದ ಪರಾಗ ಬೆರೆತಿದ್ದರೆ ಮುಂದಿನ ವರ್ಷದ ಕಾಯಿಗೆ ಆ ಕಹಿ ಬರಬಹುದು. ಪ್ರತಿ ವರ್ಷ ಹೊಸ ಪೊಟ್ಟಣ ತನ್ನಿ.

ಈ ಸಲ ಬೀಜ ಹಾಕುವವರು ನಮಗೆ ತಿಳಿಸಿ. ನಿಮ್ಮ ಗಿಡದ ಮೊದಲ ಹೆಣ್ಣು ಹೂವಿನ ಫೋಟೋ ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

ಪ್ರೀತಿಯಿಂದ,
ಸಂಪಾದಕರು