ಮಗಳಿಗೊಂದು ಪತ್ರ: ಹೊರಡುವ ಮುಂಚೆ ಹೇಳಿ ಬಾ

ಪ್ರೀತಿಯ ತಂಗಿ,

ನಿನ್ನೆ ಫೋನಿನಲ್ಲಿ "ಅಮ್ಮಾ, ಬರ್ಲಿಕ್ಕೆ ಮನಸ್ಸೇ ಆಗವಲ್ದು" ಅಂದೆ. ಅಂದ ಕೂಡಲೇ ಗಾಬರಿಯಾಗಿ ಅಜ್ಜಿಯ ಮಂಡಿನೋವಿನ ಕಡೆ ಮಾತು ತಿರುಗಿಸಿದೆ. ನನಗೆ ಬೇಜಾರಾಯಿತು ಅಂದುಕೊಂಡೆಯಲ್ವಾ? ಇಲ್ಲ ತಂಗಿ. ಒಂಥರಾ ನಿರಾಳವೇ ಆಯಿತು. ಅಕ್ಟೋಬರ್‌ನಲ್ಲಿ ಜರ್ಮನಿಯ ಟ್ಯೂಬಿಂಗೆನ್‌ಗೆ ಓದಲು ಹೋದ ಹೊಸದರಲ್ಲಿ ದಿನಾ ಅಳುತ್ತಿದ್ದವಳು ನೀನು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ ಅಂತ ಗೊತ್ತಿಲ್ಲದೆ ಬರೀ ಬ್ರೆಡ್ ತಿಂದು ಮಲಗಿದ್ದೆ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಕತ್ತಲು ಅಂತ ಗೊಣಗಿದ್ದೇ ಗೊಣಗಿದ್ದು. ಅಂಥ ಊರು ಬಿಡಲು ಈಗ ಹೊಟ್ಟೆಯಲ್ಲಿ ಸಂಕಟ ಅಂದರೆ, ಅಲ್ಲಿ ನಿನಗೆ ನಿನ್ನವರು ಅನ್ನುವ ಜನ ಸಿಕ್ಕಿದ್ದಾರೆ. ಹೆತ್ತವಳಿಗೆ ಇನ್ನೇನು ಬೇಕು?

ಇದನ್ನೆಲ್ಲ ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಾನು ರಾತ್ರಿ ಒಂಬತ್ತೂವರೆಗೆ ಮಾಡಿದರೆ ನಿನಗೆ ಸಂಜೆ ಐದು. ನೀನು ಲ್ಯಾಬಿನಿಂದ ಬಸ್ಸಿಗೆ ಓಡುತ್ತಿರುತ್ತೀ, ನನಗೆ ಕಣ್ಣು ಎಳೆಯುತ್ತಿರುತ್ತದೆ. ಜೊತೆಗೆ ನಿನ್ನ ಅಪ್ಪ ಪಕ್ಕದಲ್ಲಿ ಕೂತು "ಅಲ್ಲಿ ಎಷ್ಟು ಡಿಗ್ರಿ ಅಂತ ಕೇಳು" ಅಂತ ಶುರು ಮಾಡುತ್ತಾರೆ. ಆದ್ದರಿಂದ ಪತ್ರ.

ನೀನು ಕಳಿಸಿದ ಕೆಲಸದ ಪಟ್ಟಿ ನೋಡಿದೆ. ಚೆನ್ನಾಗಿ ಮಾಡಿದ್ದೀಯ. ಊರು ಬಿಡುತ್ತೇನೆ ಅಂತ ನಗರಸಭೆಯ ಕಚೇರಿಗೆ ಹೋಗಿ ಹೆಸರು ತೆಗೆಸಬೇಕು, ಅದಕ್ಕೊಂದು ಚೀಟಿ ಪಡೆಯಬೇಕು. ಆ ಚೀಟಿ ತೋರಿಸಿ ರೇಡಿಯೋ-ಟೀವಿ ಶುಲ್ಕ ನಿಲ್ಲಿಸಬೇಕು. ಆರೋಗ್ಯ ವಿಮೆ, ಮೊಬೈಲ್, ಲೈಬ್ರರಿ. ಕೋಣೆಯ ಗೋಡೆಗೆ ಹೊಡೆದ ಮೊಳೆ ಕಿತ್ತು, ತೂತಿಗೆ ಪುಟ್ಟಿ ಹಚ್ಚಿ, ಓವನ್ ತಿಕ್ಕಿ, ಕೀಲಿ ಒಪ್ಪಿಸಿ ಸಹಿ ಹಾಕಿಸಿಕೊಳ್ಳಬೇಕು, ಇಲ್ಲದಿದ್ದರೆ ಡಿಪಾಜಿಟ್ ಕೈಗೆ ಬರಲ್ಲ. ಖಾಲಿ ನೀರಿನ ಬಾಟಲಿ ಅಂಗಡಿಯ ಯಂತ್ರಕ್ಕೆ ಹಾಕಿ ಒಂದೊಂದಕ್ಕೆ 25 ಸೆಂಟ್ ವಾಪಸ್ ತಗೊಳ್ಳಬೇಕು ಅಂತಲೂ ಬರೆದಿದ್ದೀ. ಅದನ್ನು ಓದಿ ಅಪ್ಪ ಖುಷಿಯಾದರು. (ಬ್ಯಾಂಕ್ ಖಾತೆಯನ್ನು ಮಾತ್ರ ಈಗಲೇ ಮುಚ್ಚಬೇಡ. ಡಿಪಾಜಿಟ್ ಅದಕ್ಕೇ ಬರಬೇಕಲ್ಲ.)

ನಾವು ಸಪ್ತಾಪುರದ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದಾಗ ಮಹಾನಗರ ಪಾಲಿಕೆಗೆ ಯಾರು ಹೇಳಿದ್ದರು? ಆದರೆ ಓಣಿಯ ಪ್ರತಿಯೊಂದು ಮನೆಗೂ ಹೋಗಿ ಹೇಳಿದ್ದೆವು. ನಿನಗೆ ನೆನಪಿರಲಿಕ್ಕಿಲ್ಲ, ಸಣ್ಣವಳಿದ್ದೆ. ಹಾಲಿನವನಿಗೆ, ಇಸ್ತ್ರಿಯವನಿಗೆ, ಸದಾ ನಮ್ಮ ಮೇಲೆ ಸಿಡುಕುತ್ತಿದ್ದ ಎದುರು ಮನೆಯ ರಿಟೈರ್ಡ್ ಮಾಸ್ತರರಿಗೂ. ನಿನ್ನ ಪಟ್ಟಿಯಲ್ಲಿ ಅಲ್ಲಿನ ಕಚೇರಿಗಳೆಲ್ಲ ಇವೆ, ಮನುಷ್ಯರು ಒಬ್ಬರೂ ಇಲ್ಲ. ಕೊನೆಯಲ್ಲಿ 'ಶನಿವಾರ ಫೇರ್‌ವೆಲ್ ಪಾರ್ಟಿ' ಅಂತ ಒಂದು ಸಾಲು, ಅಷ್ಟೇ.

ಪಾರ್ಟಿ ಮಾಡಿಕೋ, ಬೇಡ ಅನ್ನಲ್ಲ. ಆದರೆ ಪಾರ್ಟಿಯಲ್ಲಿ ಯಾರಿಗೂ ಹೋಗಿ ಬರುತ್ತೇನೆ ಅಂತ ಸರಿಯಾಗಿ ಹೇಳಲು ಆಗುವುದಿಲ್ಲ. ಹಾಡು ಜೋರಾಗಿರುತ್ತದೆ, ಎಲ್ಲರೂ ಫೋಟೋದಲ್ಲಿರುತ್ತಾರೆ, ಒಬ್ಬರ ಜೊತೆಗೂ ಹತ್ತು ನಿಮಿಷ ಕೂತಿರುವುದಿಲ್ಲ. ನಮ್ಮ ಶಾಲೆಗಳ ಬೀಳ್ಕೊಡುಗೆ ಸಮಾರಂಭವೂ ಹೀಗೇ. ನವಲಗುಂದದ ಕಡೆಯ ಹಳ್ಳಿಯಿಂದ ನನಗೆ ವರ್ಗವಾದಾಗ ಶಾಲು ಹೊದಿಸಿದರು, ಹಾರ ಹಾಕಿದರು. ನನ್ನ ಹೆಸರನ್ನೇ ತಪ್ಪು ಹೇಳಿದ ಮುಖಂಡರೊಬ್ಬರು ಅರ್ಧ ತಾಸು ನನ್ನ ಸೇವೆ ಹೊಗಳಿದರು. ಅದರಲ್ಲಿ ಒಂದು ಮಾತೂ ನೆನಪಿಲ್ಲ. ನೆನಪಿರುವುದು ಮಾರನೇ ದಿನ ಬಸ್ ಸ್ಟ್ಯಾಂಡಿಗೆ ಬಂದ ಬಿಸಿಯೂಟದ ಅಕ್ಕ. ಕೈಯಲ್ಲಿ ಹಳೇ ಹಾರ್ಲಿಕ್ಸ್ ಬಾಟಲಿ, ಅದರ ತುಂಬ ಶೇಂಗಾ ಚಟ್ನಿ. ಎಣ್ಣೆ ಸೋರಬಾರದು ಅಂತ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಇಟ್ಟು ತಿರುಗಿಸಿ, ಮೇಲೆ ಸೀರೆ ಅಂಚಿನ ದಾರ ಸುತ್ತಿದ್ದಳು. "ಖಾರ ಸ್ವಲ್ಪ ಜಾಸ್ತಿ ಆಗೇತ್ರಿ ಟೀಚರ್" ಅಂದಳು. ಬಸ್ ಹೊರಡುವ ತನಕ ನಿಂತಿದ್ದಳು. ಬೇರೇನೂ ಮಾತಾಡಲಿಲ್ಲ. ನಿಜಕ್ಕೂ ಖಾರ ಜಾಸ್ತಿ ಇತ್ತು.

ಹಾಗಾಗಿ ನಿನ್ನ ಪಟ್ಟಿಗೆ ಒಂದಿಷ್ಟು ಜನರನ್ನು ಸೇರಿಸುತ್ತಿದ್ದೇನೆ.

ಮೊದಲು ನಿನ್ನ ಮನೆಯ ಮಾಲಕಿ ಅಜ್ಜಿ. ವಾರದ ಸರದಿಯ ಬೋರ್ಡ್ ನಿನ್ನ ಬಾಗಿಲಿಗೆ ತೂಗುಹಾಕಿ, ಮೆಟ್ಟಿಲು ಗುಡಿಸಲು ಕಲಿಸಿದ ಹೆಂಗಸು. ಆ ಬೋರ್ಡ್ ನೋಡಿ ಮೊದಲ ಸಲ ನೀನು ಎಷ್ಟು ಸಿಟ್ಟಾಗಿದ್ದೆ! "ಬಾಡಿಗೆ ಕೊಟ್ಟೂ ನಾನೇ ಕಸ ಹೊಡೀಬೇಕಾ?" ಅಂತ. ಅದು ಆ ಸೀಮೆಯ ಹಳೇ ಪದ್ಧತಿ, 'ಕೇರ್‌ವೋಖೆ' ಅಂತಾರೆ, ಶ್ವಾಬಿಯಾದ ಜನ ಅದನ್ನು ಬಿಡುವುದೇ ಇಲ್ಲ ಅಂತ ಆಮೇಲೆ ನೀನೇ ವಿವರಿಸಿದೆ. ಜನವರಿಯಲ್ಲಿ ಹಿಮ ಬಿದ್ದ ದಿನ ಬೆಳಕು ಹರಿಯುವ ಮುಂಚೆ ಎದ್ದು ಮನೆ ಮುಂದಿನ ಕಾಲುದಾರಿ ಬಳಿದು ಫೋಟೋ ಕಳಿಸಿದ್ದೆ. ನಿನ್ನ ಅಜ್ಜಿ ಅದನ್ನು ನೋಡಿ, "ಇಲ್ಲಿ ಅಂಗಳಕ್ಕೆ ನೀರು ಹಾಕು ಅಂದ್ರ ಏಳ್ತಿದ್ದಿಲ್ಲ" ಅಂದರು. ಆ ಫೋಟೋವನ್ನು ಅವರು ಇಡೀ ಓಣಿಗೆ ತೋರಿಸಿದ್ದಾರೆ, ಅದು ಬೇರೆ ಮಾತು.

ಆ ಅಜ್ಜಿಗೆ ಕೀಲಿ ಕೊಡುವ ಗಡಿಬಿಡಿಯಲ್ಲಿ ಥ್ಯಾಂಕ್ಯೂ ಅಂದು ಬರಬೇಡ. ಒಂದು ಸಂಜೆ ಮುಂಚೆಯೇ ಕೇಳಿ, ಅವರು ಕಾಫಿ-ಕೇಕ್ ತಿನ್ನುವ ಹೊತ್ತಿಗೆ ಹೋಗು. ಅವರು ನಾಲ್ಕು ಗಂಟೆ ಅಂದರೆ ನಾಲ್ಕಕ್ಕೇ ಹೋಗು, ನಮ್ಮ ಧಾರವಾಡದ ನಾಲ್ಕಕ್ಕಲ್ಲ. ಏನು ಒಯ್ಯಲಿ ಅಂತ ಕೇಳುತ್ತೀ. ನಾನು ಕೊಟ್ಟ ಪೇಢಾ ನವೆಂಬರ್‌ಗೇ ಖಾಲಿ ಮಾಡಿದ್ದೀ. ಶಿರಾ ಮಾಡು. ಅಲ್ಲಿ 'ಗ್ರೀಸ್' ಅಂತ ಪೊಟ್ಟಣದಲ್ಲಿ ಸಿಗುತ್ತದಲ್ಲ, ಅದು ನಮ್ಮ ರವೆಯೇ. ಬೆಣ್ಣೆ ಸಣ್ಣ ಉರಿಯಲ್ಲಿ ಕಾಯಿಸಿ ತುಪ್ಪ ಮಾಡಿಕೋ. ರವೆ ಕೆಂಪಗಾಗುವ ತನಕ ಹುರಿಯಬೇಡ, ಘಮ್ ಅಂದರೆ ಸಾಕು. ಬಿಸಿ ಹಾಲು ಹಾಕುವಾಗ ಒಂದು ಕೈಯಲ್ಲಿ ತಿರುವುತ್ತಲೇ ಇರು, ಇಲ್ಲದಿದ್ದರೆ ಗಂಟಾಗುತ್ತದೆ. ಸಕ್ಕರೆ ಕೊನೆಗೆ. ಅವರಿಗೆ ಹಾಲು-ರವೆಯ ಸಿಹಿ ಹೊಸದಲ್ಲ, ಅಲ್ಲಿನ ಮಕ್ಕಳಿಗೂ ರವೆ ಗಂಜಿ ತಿನ್ನಿಸುತ್ತಾರೆ. ಏಲಕ್ಕಿ ಮಾತ್ರ ಸ್ವಲ್ಪ ಕಡಿಮೆ ಹಾಕು.

ಎರಡನೆಯದು, ನಿನ್ನ ಲ್ಯಾಬಿನ ಮೇಡಂ. ಶಿಫಾರಸು ಪತ್ರ ಕೇಳುವುದಿದ್ದರೆ ಎದುರಿಗೆ ಕೂತು ಈಗಲೇ ಕೇಳು. ಭಾರತಕ್ಕೆ ಬಂದ ಮೇಲೆ ಇಮೇಲ್ ಹಾಕಿದರೆ ನಿನ್ನ ಮುಖ ನೆನಪಿಸಿಕೊಳ್ಳಲು ಅವರು ಕಷ್ಟಪಡಬೇಕು. 1477ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು. ಸೆಮಿಸ್ಟರ್‌ಗೊಂದು ತಂಡ ಬರುತ್ತದೆ, ಹೋಗುತ್ತದೆ. ಊರು ನಿನ್ನನ್ನು ನೆನಪಿಡಲಿ ಅಂತ ಕಾಯಬೇಡ, ಒಬ್ಬಿಬ್ಬರು ನೆನಪಿಟ್ಟರೆ ಸಾಕು. ಮೆನ್ಸಾದಲ್ಲಿ, ಅಂದರೆ ನಿಮ್ಮ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ, ನಿನ್ನನ್ನು ನೋಡಿದ ಕೂಡಲೇ ಮಾಂಸ ಇಲ್ಲದ ತಟ್ಟೆಯ ಕಡೆ ಕೈ ತೋರಿಸುತ್ತಿದ್ದ ಆಂಟಿಗೂ ಹೇಳಿ ಬಾ. ಭಾಷೆ ಅಷ್ಟಾಗಿ ಬರದಿದ್ದರೂ ನಡೆಯುತ್ತದೆ.

ಇನ್ನು ನಿನ್ನ ಗೆಳತಿಯರು. ಇಲ್ಲಿ ಸ್ವಲ್ಪ ಕಹಿ ಮಾತು ಹೇಳಬೇಕು. ಕೊರಿಯಾದವಳು, ಸ್ಪೇನಿನ ಇಬ್ಬರು, ಆ ಟರ್ಕಿಯ ಹುಡುಗ, ನೀನು. ಈ ಐದೂ ಜನ ಒಂದೇ ಅಡುಗೆಮನೆಯಲ್ಲಿ ಇನ್ನೊಮ್ಮೆ ಸೇರುವುದು ಬಹುತೇಕ ಇಲ್ಲ. ಒಬ್ಬರನ್ನೋ ಇಬ್ಬರನ್ನೋ ಮತ್ತೆ ನೋಡುತ್ತೀ. "ಮುಂದಿನ ವರ್ಷ ಎಲ್ಲರೂ ಧಾರವಾಡಕ್ಕೆ ಬನ್ನಿ" ಅಂತ ಸುಮ್ನೆ ಬಾಯಿಮಾತಿಗೆ ಹೇಳಬೇಡ. ಬಂದರೆ ನಮ್ಮ ಮನೆಯಲ್ಲಿ ಜಾಗ ಇದೆ, ಅದನ್ನು ಹೇಳು. ಬರುತ್ತೇವೆ ಅಂತ ಮಾತು ತಗೊಳ್ಳಬೇಡ. ಕಾಗದದ ಮೇಲೆ ನಿಮ್ಮ ಸೆಮಿಸ್ಟರ್ ಮಾರ್ಚ್ 31ಕ್ಕೆ ಮುಗಿಯುವುದಾದರೂ ತರಗತಿ ಫೆಬ್ರವರಿಯಲ್ಲೇ ಮುಗಿಯುತ್ತದೆ. ಒಬ್ಬೊಬ್ಬರ ಪರೀಕ್ಷೆ ಒಂದೊಂದು ದಿನ, ಒಬ್ಬೊಬ್ಬರ ವಿಮಾನ ಒಂದೊಂದು ದಿನ. ಯಾರು ಮೊದಲು ಹೋಗುತ್ತಾರೋ ಅವರನ್ನು ಸ್ಟೇಷನ್ ತನಕ ಬಿಟ್ಟು ಬಾ, ಪರೀಕ್ಷೆ ಮಾರನೇ ದಿನವೇ ಇದ್ದರೂ. ನೆಕ್ಕಾರ್ ಹೊಳೆಯ ನಡುಗಡ್ಡೆಯ ಮರಗಳ ಸಾಲಿನಲ್ಲಿ ನೀವು ದಿನಾ ಸಂಜೆ ಅಡ್ಡಾಡುತ್ತಿದ್ದಿರಲ್ಲ, ಅಲ್ಲಿ ಒಬ್ಬೊಬ್ಬರ ಜೊತೆಗೂ ಒಂದೊಂದು ಸುತ್ತು ಬೇರೆ ಬೇರೆಯಾಗಿ ಹಾಕು. ಗುಂಪಿನಲ್ಲಿ ಹೇಳಲಾಗದ ಮಾತು ಪ್ರತಿಯೊಬ್ಬರ ಹತ್ತಿರವೂ ಒಂದಿರುತ್ತದೆ.

ನನ್ನದೂ ಒಂದು ಸ್ವಾರ್ಥದ ಕೆಲಸವಿದೆ. ಕೋಟೆಯ ಗುಡ್ಡ ಹತ್ತಿ ಆ ಹಳೇ ಅಡುಗೆಮನೆಯ ಫೋಟೋ ತೆಗೆದು ತಾ. 1869ರಲ್ಲಿ ಫ್ರೀಡ್ರಿಖ್ ಮೀಷರ್ ಅನ್ನುವ ಸ್ವಿಸ್ ಹುಡುಗ (ಹುಡುಗನೇ, ಇಪ್ಪತ್ತೈದರ ಆಸುಪಾಸು) ಅದೇ ಅಡುಗೆಮನೆಯಲ್ಲಿ ಮಾಡಿದ್ದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ. ಆಸ್ಪತ್ರೆಯಿಂದ ಕೀವು ಹತ್ತಿದ ಬ್ಯಾಂಡೇಜು ತರಿಸಿಕೊಂಡು, ಅದರಿಂದ ಜೀವಕೋಶ ತೊಳೆದು ತೆಗೆದು, ಅವುಗಳ ಕೋಶಕೇಂದ್ರದಲ್ಲಿ ಅದುವರೆಗೆ ಯಾರಿಗೂ ಗೊತ್ತಿರದ ವಸ್ತು ಕಂಡ. ಈಗ ನಾವು ಡಿಎನ್‌ಎ ಅನ್ನುವುದು ಅದನ್ನೇ. ಹತ್ತನೇ ತರಗತಿಯ ಮಕ್ಕಳಿಗೆ ಕೀವಿನ ಕತೆ ಹೇಳಿದರೆ ಮುಖ ಹಿಂಡಿಕೊಳ್ಳುತ್ತಾರೆ, ಆದರೆ ಪಾಠ ಮರೆಯುವುದಿಲ್ಲ. ಫೋಟೋ ಇದ್ದರೆ ಇನ್ನೂ ಚೆನ್ನ.

ಆ ಊರಿಗೆ ನಿನ್ನ ಸೀಟು ಸಿಕ್ಕಿತು ಅಂದಾಗ ನಾನು ಹಿಗ್ಗಿದ್ದು ಮೀಷರ್‌ಗಾಗಿ ಅಲ್ಲ, ಕನ್ನಡ ನಿಘಂಟು ಮಾಡಿದ ಜರ್ಮನ್ ಪಾದ್ರಿ ಕಿಟೆಲ್‌ಗಾಗಿ. ನಾನು ಓದಿದ್ದು ಕಿಟೆಲ್ ಕಾಲೇಜಿನಲ್ಲಿ. ಮೂರು ವರ್ಷ ಆ ಹೆಸರಿನ ಬೋರ್ಡಿನ ಕೆಳಗೆ ಓಡಾಡಿದರೂ ಅವರ ಬಗ್ಗೆ ತಿಳಿದದ್ದು ತಡವಾಗಿ. 1853ರಲ್ಲಿ ಬಾಸೆಲ್ ಮಿಶನ್‌ನವರ ಜೊತೆ ನಮ್ಮ ಕಡೆ ಬಂದಾಗ ಅವರಿಗೆ ಈಗಿನ ನಿನ್ನದೇ ವಯಸ್ಸು, ಇಪ್ಪತ್ತೊಂದು. 70 ಸಾವಿರ ಪದಗಳ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ಅವರು ಇಲ್ಲಿರಲಿಲ್ಲ, ಊರಿಗೆ ಮರಳಿದ್ದರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವರ ಕನ್ನಡ ವ್ಯಾಕರಣ ಹೊರಬಂದದ್ದು 1903ರಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ನೀನಿರುವ ಊರಿನಲ್ಲೇ ತೀರಿಕೊಂಡರು. ಈ ದೇಶ ಬಿಟ್ಟ ಮೇಲೂ ಕೊನೆಯ ತನಕ ಕನ್ನಡದ ಕೆಲಸ ಬಿಟ್ಟಿರಲಿಲ್ಲ ಆ ಮನುಷ್ಯ. ಇಲ್ಲಿಂದ ಹೊರಡುವಾಗ ಅವರು ಯಾರ್ಯಾರ ಮನೆಗೆ ಹೋಗಿ ಹೇಳಿದ್ದರೋ ಅಂತ ಒಮ್ಮೊಮ್ಮೆ ಯೋಚನೆ ಬರುತ್ತದೆ ನನಗೆ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. 23 ಕಿಲೋದಲ್ಲಿ ಏನೇನು ತುಂಬುತ್ತೀ? ಕುಕ್ಕರ್ ತರಬೇಡ. ಅದು ನಿನಗೂ ಸೀನಿಯರ್ ಒಬ್ಬಳಿಂದ ಬಂದದ್ದು ತಾನೇ. ಏಪ್ರಿಲ್‌ನಲ್ಲಿ ನಮ್ಮ ದೇಶದ ಇನ್ಯಾವುದೋ ಹುಡುಗಿ ಬಂದು ಅನ್ನಕ್ಕೆ ಒದ್ದಾಡುತ್ತಿರುತ್ತಾಳೆ, ಅವಳಿಗೆ ಸಿಗುವ ಹಾಗೆ ಮಾಡು. ರಬ್ಬರ್ ಸಡಿಲಾಗಿದೆ ಅಂದಿದ್ದೆ, ಅದನ್ನೂ ಹೇಳಿಬಿಡು. ಮಸಾಲೆ ಡಬ್ಬಿಗಳೂ ಅವಳಿಗೇ. ದಪ್ಪ ಜಾಕೆಟ್ ಧಾರವಾಡದಲ್ಲಿ ಹಾಕಿಕೊಂಡು ಎಲ್ಲಿಗೆ ಹೋಗುತ್ತೀ? ಮನೆ ಮುಂದೆ ಡಬ್ಬ ಇಟ್ಟು 'ಬೇಕಾದವರು ಒಯ್ಯಿರಿ' ಅಂತ ಚೀಟಿ ಅಂಟಿಸುತ್ತಾರೆ ಅಂದಿದ್ದೆಯಲ್ಲ, ಹಾಗೆ ಇಟ್ಟು ಬಾ. ಆದರೆ ವಿಮಾನ ಹತ್ತುವ ದಿನದ ಚಳಿಗೆ ಒಂದು ಸ್ವೆಟರ್ ಉಳಿಸಿಕೋ. ಅಲ್ಲಿನ ರೈಲೂ ತಡ ಮಾಡುತ್ತದೆ ಅಂತ ನೀನೇ ಎಷ್ಟು ಸಲ ಬೈದಿದ್ದೀ. ಫ್ರಾಂಕ್‌ಫರ್ಟಿಗೆ ಹೋಗಲು ಲೆಕ್ಕ ಹಾಕಿದ್ದಕ್ಕಿಂತ ಎರಡು ರೈಲು ಮುಂಚಿನದು ಹಿಡಿ.

ಬೆಂಗಳೂರಿಗೆ ಅಪ್ಪ ಬರುತ್ತಾರೆ. ನೀನು ಸುಮ್ಮನೆ ಕೂತರೆ ಏನಾಯಿತು, ಏನಾಯಿತು ಅಂತ ಕೇಳಬೇಡಿ ಅಂತ ಹೇಳಿದ್ದೇನೆ. ಎಷ್ಟರಮಟ್ಟಿಗೆ ಪಾಲಿಸುತ್ತಾರೋ ನೋಡೋಣ. ಮನೆಗೆ ಬಂದ ಮೇಲೆ ಅಲ್ಲಿ ಹಾಗಿತ್ತು, ಇಲ್ಲಿ ಹೀಗಿದೆ ಅಂತ ಹೇಳಬೇಕು ಅನ್ನಿಸುತ್ತದೆ. ಹೇಳು. ಒಂದು ತಿಂಗಳು ನಾನು ಕೇಳುತ್ತೇನೆ, ಆಮೇಲೆ ಬೈಯುತ್ತೇನೆ. ರಾತ್ರಿ ಆ ಹುಡುಗಿಯರ ಜೊತೆ ವಿಡಿಯೋ ಕಾಲ್‌ನಲ್ಲಿ ಕೂತರೆ ಊಟಕ್ಕೆ ಕರೆಯುವುದಿಲ್ಲ, ತಟ್ಟೆ ಮುಚ್ಚಿಟ್ಟು ಮಲಗುತ್ತೇನೆ.

ಅಜ್ಜಿಗೆ ನಿಜವಾಗಿಯೂ ಮಂಡಿ ನೋವಿದೆ. ಅಲ್ಲಿನ ಮುಲಾಮು ಯಾವುದೋ ಒಳ್ಳೆಯದು ಅಂತ ಪಕ್ಕದ ಮನೆಯವರು ತಲೆ ತುಂಬಿಸಿದ್ದಾರೆ. ತೂಕ ಉಳಿದರೆ ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಾ. ಮಾಲಕಿ ಅಜ್ಜಿಗೆ ಶಿರಾ ಹೇಗನ್ನಿಸಿತು ಅಂತ ಬರಿ.

ನಿನ್ನ
ಅಮ್ಮ