ಎಬ್ಬಿಸಿದರೂ ಏಳದ ನಿದ್ದೆ: ತಂಗಿ ಮಗಳಿಗೊಂದು ಕಾಗದ

ಚಿ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಮನೆ ಕಡೆ ಸುದ್ದಿಯನ್ನೆಲ್ಲ ನಿಮ್ಮಮ್ಮ ಹೇಳುತ್ತಲೇ ಇರುತ್ತಾಳೆ, ನನ್ನ ಮೊಣಕಾಲಿನ ಕಥೆ ನಿನಗೂ ಗೊತ್ತು. ಅದನ್ನೆಲ್ಲ ಬಿಡುತ್ತೇನೆ. ನಾಯಿ, ಬೆಕ್ಕು ಬಿಟ್ಟು ಮುಂಗುಸಿ ಥರ ಉದ್ದ ಮೈಯ ಈ ಪುಟ್ಟ ಪ್ರಾಣಿ, ಫೆರೆಟ್ ಮರಿ ಯಾಕೆ ತಂದೆ ಅಂತ ಕೇಳೋಕೆ ನನಗೆ ಬಾಯಿಲ್ಲ. ಆ ಹುಚ್ಚು ಯಾರಿಂದ ಬಂತು ಅಂತ ಎಲ್ಲರಿಗೂ ಗೊತ್ತು.

ಆದರೆ ಕೊನೆಯ ಪುಟದಲ್ಲಿ ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಬೇರೇನೂ ತಲೆಗೆ ಹೋಗಲಿಲ್ಲ. "ಎತ್ತಿಕೊಂಡರೆ ಒದ್ದೆ ಬಟ್ಟೆ ಥರ ಜೋತುಬಿತ್ತು ದೊಡ್ಡಮ್ಮ. ಕರೆದೆ, ಅಲ್ಲಾಡಿಸಿದೆ, ಕಣ್ಣೇ ಬಿಡಲಿಲ್ಲ. ಸತ್ತೇ ಹೋಯಿತು ಅಂದುಕೊಂಡೆ. ಆಮೇಲೆ ಆಕಳಿಸಿಕೊಂಡು ಎದ್ದಿತು. ಒಂದು ದಿನ ನಿಜವಾಗಿ ಏಳದೇ ಹೋದರೆ? ನನ್ನ ಕೈಲಿ ಆಗಲ್ಲ, ವಾಪಸ್ ಕೊಟ್ಟುಬಿಡಲಾ?"

ಅದು ನಿದ್ದೆ ಕಣೇ, ಬರೀ ನಿದ್ದೆ. ಫೆರೆಟ್ ದಿನಕ್ಕೆ 14ರಿಂದ 18 ಗಂಟೆ ಮಲಗುತ್ತದೆ. ಅದರಲ್ಲೂ ಆಗಾಗ ಹೀಗೆ ಮೈಮೇಲೆ ಪ್ರಜ್ಞೆಯೇ ಇಲ್ಲದ ಹಾಗೆ ಬಿದ್ದುಕೊಳ್ಳುತ್ತದೆ. ಸಾಕುವವರು ಅದನ್ನು ಡೆಡ್ ಸ್ಲೀಪ್ ಅಂತಲೇ ಕರೆಯುತ್ತಾರೆ, ಅಂದರೆ ನಿನ್ನ ಹಾಗೆ ಬೆಚ್ಚಿಬಿದ್ದವರು ಲೆಕ್ಕವಿಲ್ಲದಷ್ಟು ಜನ ಇದ್ದಾರೆ. ಇನ್ನೊಂದು ಸಲ ಹಾಗಾದರೆ ಗಾಬರಿಯಾಗಿ ಅಲ್ಲಾಡಿಸಬೇಡ. ಹೊಟ್ಟೆ ಮುಟ್ಟಿ ನೋಡು, ಬೆಚ್ಚಗಿರುತ್ತದೆ. ತುಟಿ ಎತ್ತಿ ನೋಡು, ಒಸಡು ಗುಲಾಬಿ ಬಣ್ಣ ಇರುತ್ತದೆ. ಬೆರಳ ತುದಿಗೆ ಒಂದು ತೊಟ್ಟು ಮೀನೆಣ್ಣೆ ಹಚ್ಚಿ ಮೂಗಿನ ಹತ್ತಿರ ಹಿಡಿ. ಮೊದಲು ಮೂಗು ಮಿಸುಕುತ್ತದೆ. ಆಮೇಲೆ ನಾಲಿಗೆ ಹೊರಗೆ ಬರುತ್ತದೆ, ಕಣ್ಣು ಇನ್ನೂ ಮುಚ್ಚೇ ಇರುತ್ತದೆ. ಅರ್ಧ ನೆಕ್ಕಿದ ಮೇಲೆ ಒಂದು ಕಣ್ಣು ತೆರೆಯುತ್ತದೆ. ಎದ್ದ ಮೇಲೆ ಸ್ವಲ್ಪ ಹೊತ್ತು ಗಡಗಡ ನಡುಗಬಹುದು, ಅದೂ ಮಾಮೂಲಿ. ಚಳಿ ಅಂತ ಹೊದಿಸಿ ಗೋಳಾಡಬೇಡ.

ಇನ್ನೊಂದು ಬಗೆಯ ಏಳದಿರೋದು ಇದೆ. ಅದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ನಿನ್ನ ಮರಿಗೆ ಈಗ ಅದು ಬರುವ ವಯಸ್ಸಲ್ಲ. ಸಾಮಾನ್ಯವಾಗಿ 3 ವರ್ಷ ದಾಟಿದ ಮೇಲೆ ಇವುಗಳ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಇನ್ಸುಲಿನ್ ಜಾಸ್ತಿಯಾಗುತ್ತದೆ, ರಕ್ತದಲ್ಲಿ ಸಕ್ಕರೆ ಇಳಿದುಹೋಗುತ್ತದೆ. ಇನ್ಸುಲಿನೋಮಾ ಅನ್ನುತ್ತಾರೆ. ಫೆರೆಟ್‌ಗಳಲ್ಲಿ ಇದು ಅಪರೂಪ ಅಲ್ಲ. ಆಗ ಎಬ್ಬಿಸಿದರೆ ಎದ್ದರೂ ಮಂಕಾಗಿ ಎಲ್ಲೋ ನೋಡುತ್ತಿರುತ್ತದೆ, ಜೊಲ್ಲು ಸುರಿಸುತ್ತದೆ, ಮುಂಗಾಲಲ್ಲಿ ಬಾಯಿ ಕೆರೆದುಕೊಳ್ಳುತ್ತದೆ, ಹಿಂಗಾಲು ಎಳೆಯುತ್ತದೆ. ಹಾಗಾದರೆ ಹತ್ತಿಕಡ್ಡಿಯಲ್ಲಿ ಒಂಚೂರು ಜೇನುತುಪ್ಪ ಒಸಡಿಗೆ ಸವರಬೇಕು. ಬಾಯಿಗೆ ಸುರಿಯಬಾರದು, ಬೆರಳು ಹಾಕಲೇಬಾರದು. ಚೇತರಿಸಿಕೊಂಡು ನುಂಗುವಂತಾದ ಮೇಲೆ ಮಾಂಸದ ಊಟ ಕೊಟ್ಟು ಸೀದಾ ಡಾಕ್ಟರ ಹತ್ತಿರ. ಜೇನು ಬರೀ ಅಲ್ಲಿ ಮುಟ್ಟುವ ತನಕ. ಇದನ್ನು ಓದಿ ನಾಳೆಯಿಂದ ಮರಿಗೆ ಜೇನು ನೆಕ್ಕಿಸಬೇಡ ಮತ್ತೆ. ಬರೆಯಬಾರದಿತ್ತೇನೋ.

ನಾನು ಸಾಕಿದ್ದ ಫೆರೆಟ್‌ಗೆ ಬಂದದ್ದು ಅದೇ ಕಾಯಿಲೆ. ಡಾಕ್ಟರು ಬೇಗ ಹಿಡಿದರು, ದಿನಾ ಪ್ರೆಡ್ನಿಸೊಲೋನ್ ಅನ್ನೋ ಔಷಧಿ ಹಾಕುತ್ತಿದ್ದೆವು, ಮಧ್ಯರಾತ್ರಿ ಎದ್ದು ಊಟ ಮಾಡಿಸುತ್ತಿದ್ದೆವು. ಅವನು ಆಮೇಲೂ ಬಹಳ ದಿನ ಚೆನ್ನಾಗೇ ಇದ್ದ. ಚೆನ್ನಾಗಿಲ್ಲದವಳು ನಾನು. ಬಟ್ಟೆಯ ಉಯ್ಯಾಲೆಯಲ್ಲಿ ಮಲಗಿದ್ದರೆ ಹೋಗಿ ಹೋಗಿ ಉಸಿರು ನೋಡುತ್ತಿದ್ದೆ. ನಾನು ಎಬ್ಬಿಸಿ ಎಬ್ಬಿಸಿ ಅವನಿಗೆ ನಿದ್ದೆಯೂ ಸರಿಯಾಗಿ ಆಗುತ್ತಿರಲಿಲ್ಲ ಪಾಪ. ಸಂಜೆ ಬಿಟ್ಟಾಗ ಅವನು ಬೆನ್ನು ಕಮಾನು ಮಾಡಿ, ಬಾಯಿ ತೆರೆದು, ಡುಕ್ ಡುಕ್ ಅಂತ ಸದ್ದು ಮಾಡುತ್ತಾ ಅಡ್ಡಡ್ಡ ಜಿಗಿದುಕೊಂಡು ಬರುತ್ತಿದ್ದ. ಗೋಡೆಗೆ ಡಿಕ್ಕಿ ಹೊಡೆದರೂ ಲೆಕ್ಕವಿಲ್ಲ. ನಾನು ಅವನ ಕುಣಿತ ನೋಡದೆ ಹಿಂಗಾಲು ಎಳೆಯುತ್ತಾನಾ ಅಂತ ನೋಡುತ್ತಾ ಕೂತಿರುತ್ತಿದ್ದೆ. ಈಗ ನೆನಪು ಮಾಡಿಕೊಂಡರೆ ಆ ವರ್ಷದ್ದು ನನಗೆ ಕಾಣೋದು ಬರೀ ಕಾಲುಗಳು.

ನಿಮ್ಮ ದೊಡ್ಡಪ್ಪನ ವಿಷಯದಲ್ಲೂ ಹಾಗೇ ಮಾಡಿದೆ. ಅದು ನಿನಗೆ ಗೊತ್ತೇ ಇದೆ, ಬಿಡು.

ನನ್ನ ಫೆರೆಟ್ ಹೋದ ಮೇಲೆ ಒಬ್ಬರು ಎರಡು ಮರಿ ಕೊಡುತ್ತೇನೆ ಅಂದರು. ಬೇಡ ಅಂದೆ. ಇನ್ನೊಂದು ಸಲ ಆಗಲ್ಲ ಅಂತ ನೀನು ಬರೆದಿರುವ ಮಾತನ್ನೇ ನಾನೂ ಹೇಳಿದ್ದೆ, ಹೆಚ್ಚು ಕಮ್ಮಿ ಅದೇ ಪದಗಳಲ್ಲಿ. ಅದಕ್ಕೇ ನಿನ್ನ ಕಾಗದ ನನ್ನನ್ನು ಇಷ್ಟು ಕಲಕಿತು. ಪಂಜರ ಮಡಚಿ ಅಟ್ಟದ ಮೇಲೆ ಹಾಕಿದ್ದು, ಇವತ್ತಿಗೂ ಅಲ್ಲೇ ಇದೆ. ಯಾರಿಗೂ ಕೊಡೋಕೆ ಮನಸ್ಸು ಬರಲಿಲ್ಲ, ತೆಗೆದು ಜೋಡಿಸೋಕೂ ಬರಲಿಲ್ಲ. ಅಂದಹಾಗೆ, ನಿನ್ನದಕ್ಕೆ ಹೆಸರಿಟ್ಟಿದ್ದೀಯಾ? ಕಾಗದದ ಉದ್ದಕ್ಕೂ "ಅದು", "ಮರಿ" ಅಂತಲೇ ಬರೆದಿದ್ದೀಯ.

ಫೆರೆಟ್ ಆಯುಸ್ಸು 6ರಿಂದ 8 ವರ್ಷ. ಕೆಲವು ಇನ್ನೂ ಸ್ವಲ್ಪ ಬದುಕುತ್ತವೆ. ಒಂದಲ್ಲ ಒಂದು ದಿನ ಏಳದೇ ಹೋಗುತ್ತದೆ, ಅದನ್ನು ಸುಳ್ಳು ಅನ್ನಲಾರೆ. ಆದರೆ ನಿನಗೆ ಹೆದರಲೇಬೇಕು ಅಂತಿದ್ದರೆ ನಿದ್ದೆಗೆ ಹೆದರಬೇಡ. ಎಚ್ಚರವಾಗಿರುವಾಗಲೇ ಸಾಯೋಕೆ ಅದಕ್ಕೆ ಬೇಕಾದಷ್ಟು ದಾರಿ ಇದೆ. ತಲೆ ತೂರಿದ ಕಡೆ ಮೈಯೂ ತೂರುತ್ತದೆ. ಸೋಫಾ ಕೆಳಗಿನ ಬಟ್ಟೆ ಹರಿದು ಒಳಗೆ ಹೋಗಿ ಮಲಗುತ್ತದೆ, ಯಾರೋ ಬಂದು ಧಪ್ಪನೆ ಕೂರುತ್ತಾರೆ. ಹಿಂದಕ್ಕೆ ಒರಗುವ ರಿಕ್ಲೈನರ್ ಕುರ್ಚಿ ಇದ್ದರೆ ಅದು ಇರುವ ಕೋಣೆಗೆ ಬಿಡಲೇಬೇಡ. ವಾಷಿಂಗ್ ಮೆಷಿನ್ ಹಾಕುವ ಮೊದಲು ಒಳಗೆ ಕೈಯಾಡಿಸಿ ನೋಡು. ರಬ್ಬರ್ ಕಂಡರೆ ಇವಕ್ಕೆ ಪ್ರಾಣ: ಅಳಿಸುವ ರಬ್ಬರ್, ಇಯರ್‌ಫೋನಿನ ತುದಿ, ಚಪ್ಪಲಿಯ ಅಂಚು, ಸ್ಪಂಜು. ಕಚ್ಚಿ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಊಟ ಬಿಟ್ಟಿತು, ಮಲ ಸಣ್ಣಗಾಯಿತು ಅಂದರೆ ನಾಳೆ ನೋಡೋಣ ಅನ್ನಬೇಡ.

ಹೆಣ್ಣು ಮರಿ ಅಂದಿದ್ದೀಯ. ಇದನ್ನು ಯಾರಾದರೂ ನಿನಗೆ ಹೇಳಿದ್ದಾರಾ? ಬೆದೆಗೆ ಬಂದ ಹೆಣ್ಣು ಫೆರೆಟ್‌ಗೆ ಗಂಡು ಸೇರದಿದ್ದರೆ ಬೆದೆ ತಾನಾಗಿ ಇಳಿಯೋದು ಕಷ್ಟ, ವಾರಗಟ್ಟಲೆ ಹಾಗೇ ಇರುತ್ತದೆ. ಬೆದೆಯ ಹಾರ್ಮೋನು ಮೂಳೆಯ ಮಜ್ಜೆಯನ್ನೇ ಕುಗ್ಗಿಸಿ ರಕ್ತ ಹುಟ್ಟದ ಹಾಗೆ ಮಾಡುತ್ತದೆ. ಎಷ್ಟೋ ಹೆಣ್ಣು ಫೆರೆಟ್‌ಗಳು ಹಾಗೆ ಸತ್ತಿವೆ. ಆಪರೇಷನ್ನೋ ಹಾರ್ಮೋನ್ ಇಂಪ್ಲಾಂಟೋ, ಯಾವುದು ಸರಿ ಅಂತ ಡಾಕ್ಟರನ್ನು ಈ ವಾರವೇ ಕೇಳು. ಆಪರೇಷನ್ ಆಗಿಯೇ ಬಂದಿದ್ದರೆ ನನ್ನ ಈ ಪ್ಯಾರಾ ವ್ಯರ್ಥ, ಸಂತೋಷ.

ನಾಯಿಗಳಿಗೆ ಬರುವ ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಇವಕ್ಕೆ ಬಂದರೆ ಉಳಿಯೋದು ಇಲ್ಲವೇ ಇಲ್ಲ ಅನ್ನಬಹುದು. ಲಸಿಕೆ 8 ವಾರಕ್ಕೆ ಶುರು, 14 ವಾರದ ತನಕ ಮೂರು ಸಲ, ಆಮೇಲೆ ವರ್ಷಕ್ಕೊಮ್ಮೆ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರು, ಕೆಲವಕ್ಕೆ ಒಗ್ಗದೆ ವಾಂತಿಯಾಗುತ್ತದೆ. ನಿನಗೆ ಫ್ಲೂ ಬಂದಾಗ ಮರಿಯನ್ನು ಮುದ್ದಿಸೋಕೆ ಹೋಗಬೇಡ, ನಿನ್ನಿಂದ ಅದಕ್ಕೆ ಸೀದಾ ಅಂಟುತ್ತದೆ. 1933ರಲ್ಲಿ ಮನುಷ್ಯರ ಇನ್‌ಫ್ಲುಯೆನ್ಸಾ ವೈರಸ್ಸನ್ನು ಲಂಡನ್ನಿನ ವಿಜ್ಞಾನಿಗಳು ಮೊದಲು ಹಿಡಿದದ್ದೇ ಫೆರೆಟ್‌ಗಳಲ್ಲಿ. ಫ್ಲೂ ಬಂದವರ ಗಂಟಲು ತೊಳೆದ ನೀರನ್ನು ಅವುಗಳ ಮೂಗಿಗೆ ಬಿಟ್ಟರಂತೆ, ಅವೂ ಮನುಷ್ಯರ ಹಾಗೇ ಜ್ವರ ಬಂದು ಸೀನಿದವು. ನಿಮ್ಮ ದೊಡ್ಡಪ್ಪನಿಗೆ ಈ ಕಥೆ ಭಾರಿ ಇಷ್ಟ, ಬಂದವರಿಗೆಲ್ಲ ಹೇಳುತ್ತಿದ್ದರು.

ಸೆಕೆ. 27 ಡಿಗ್ರಿ ದಾಟಿದರೆ ಒದ್ದಾಡುತ್ತವೆ, 30 ದಾಟಿದರೆ ಜೀವಕ್ಕೇ ಅಪಾಯ. ಬೆವರಿ ಮೈ ತಂಪು ಮಾಡಿಕೊಳ್ಳೋಕೆ ಅವಕ್ಕೆ ಬರಲ್ಲ. ಐಸ್ ಕಟ್ಟಿದ ಬಾಟಲಿಗೆ ಬಟ್ಟೆ ಸುತ್ತಿ ಪಂಜರದಲ್ಲಿ ಇಡು, ಅದನ್ನೇ ತಬ್ಬಿಕೊಂಡು ಮಲಗುತ್ತದೆ. ಆಗಲೂ ನಿನಗೆ ಸತ್ತ ಹಾಗೇ ಕಾಣುತ್ತದೆ, ಏನು ಮಾಡೋದು.

ಊಟದ ಬಗ್ಗೆ ಜಾಸ್ತಿ ಹೇಳಲ್ಲ. ಶುದ್ಧ ಮಾಂಸಾಹಾರಿ ಅದು, ತಿಂದದ್ದು ಮೂರು ನಾಲ್ಕು ಗಂಟೆಯಲ್ಲಿ ಆಚೆ ಬರುತ್ತದೆ, ಬಟ್ಟಲು ಖಾಲಿ ಇರಬಾರದು. ಹಾಲು, ಹಣ್ಣು, ಸಿಹಿ ಬೇಡ. ವಾಸನೆ ಅಂತ ಪದೇ ಪದೇ ಸ್ನಾನ ಮಾಡಿಸಬೇಡ, ಚರ್ಮ ಒಣಗಿ ಎಣ್ಣೆ ಜಾಸ್ತಿ ಬಿಟ್ಟು ಇನ್ನೂ ನಾರುತ್ತದೆ. ಮಲಗುವ ಬಟ್ಟೆ ಒಗೆದರೆ ಅರ್ಧ ವಾಸನೆ ಹೋಗುತ್ತದೆ. ಪೂರ್ತಿ ಹೋಗಲ್ಲ.

ವಾಪಸ್ ಕೊಡುವ ವಿಷಯ ನಿನಗೆ ಬಿಟ್ಟದ್ದು. ದಿನಕ್ಕೆ ಮೂರು ನಾಲ್ಕು ಗಂಟೆ ಪಂಜರದಿಂದ ಹೊರಗೆ ಬಿಟ್ಟು ಜೊತೆಗಿರೋಕೆ ಆಗಲ್ಲ ಅಂದರೆ ಕೊಡು, ನಾನು ಬೇಜಾರು ಮಾಡಿಕೊಳ್ಳಲ್ಲ. ಆ ವಾಸನೆ ತಡೆಯೋಕಾಗಲ್ಲ ಅಂದರೂ ಕೊಡು. ಎಂದೋ ಒಂದು ದಿನ ಏಳದೇ ಹೋಗುತ್ತದೆ ಅಂತ ಇವತ್ತೇ ಕೊಡಬೇಡ ಪುಟ್ಟಿ. ಹಾಗೆ ಹೇಳೋಕೆ ನನಗೇನು ಅಧಿಕಾರ ಇದೆಯೋ ಗೊತ್ತಿಲ್ಲ, ಆದರೂ ಹೇಳುತ್ತಿದ್ದೇನೆ.

ಫೆರೆಟ್ ನೋಡಿ ಅಭ್ಯಾಸ ಇರುವ ಡಾಕ್ಟರನ್ನು ಈಗಲೇ ಹುಡುಕಿಟ್ಟುಕೋ, ಎಲ್ಲ ಪಶುವೈದ್ಯರೂ ಇವನ್ನು ನೋಡಲ್ಲ. ರಾತ್ರಿ ಏಳಲಿಲ್ಲ ಅಂತ ಭಯವಾದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಆದರೆ ಮೊದಲು ಒಸಡು ನೋಡು, ಮೀನೆಣ್ಣೆ ಹಿಡಿ. ಅದಕ್ಕೂ ಏಳದಿದ್ದರೆ ಡಾಕ್ಟರಿಗೆ ಮೊದಲು, ನನಗೆ ಆಮೇಲೆ.

ಇಂತಿ ನಿನ್ನ
ದೊಡ್ಡಮ್ಮ