ಅಪ್ಪನಿಗೆ, ತಮ್ಮನ ವಾಲೆಟ್ ಬಗ್ಗೆ

ಅಪ್ಪನಿಗೆ ನಮಸ್ಕಾರ,

ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಇವನು ಅದೇನೋ ಕ್ರಿಪ್ಟೋ ವಾಲೆಟ್ ಮಾಡಿಕೊಂಡಿದ್ದಾನೆ, ಅದಕ್ಕೆ ಮ್ಯಾನೇಜರ್ ಯಾರು?" ಅಂದಿರಿ. ನಾನು ನಕ್ಕುಬಿಟ್ಟೆ. ರಾತ್ರಿ ಮಲಗಿದ ಮೇಲೆ ಅನ್ನಿಸಿತು, ಅಷ್ಟು ವರ್ಷ ಬ್ಯಾಂಕಿನ ಕೌಂಟರ್‌ನಲ್ಲಿ ಕೂತವರಿಗೆ ಮಾತ್ರ ಆ ಪ್ರಶ್ನೆ ಮೊದಲು ಹೊಳೆಯುತ್ತದೆ. ಉಳಿದವರೆಲ್ಲ "ಎಷ್ಟು ಲಾಭ?" ಅಂತಲೇ ಶುರು ಮಾಡುವುದು. ಫೋನಿನಲ್ಲಿ ಹೇಳಹೊರಟರೆ ಅರ್ಧಕ್ಕೆ ಅಮ್ಮ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿ ಅವನಿಗೂ ಕೊಡಿ.

ಉತ್ತರ ಇಷ್ಟೇ: ಮ್ಯಾನೇಜರ್ ಇಲ್ಲ. ಹೆಡ್ ಆಫೀಸೂ ಇಲ್ಲ.

ವಾಲೆಟ್ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. ಅದರೊಳಗೆ ದುಡ್ಡು ಇರುವುದಿಲ್ಲ. ಲೆಕ್ಕವೆಲ್ಲ ಬ್ಲಾಕ್‌ಚೈನ್ ಅನ್ನುವ ಲೆಡ್ಜರ್‌ನಲ್ಲಿ ಇರುತ್ತದೆ. ಬಿಟ್‌ಕಾಯಿನ್‌ನ ಲೆಡ್ಜರ್ 2009ರ ಜನವರಿ 3ರಂದು ಶುರುವಾಯಿತು. ಅದರ ಪ್ರತಿ ಜಗತ್ತಿನ ಸಾವಿರಾರು ಕಂಪ್ಯೂಟರ್‌ಗಳಲ್ಲಿದೆ, ಯಾರು ಬೇಕಾದರೂ ತೆರೆದು ನೋಡಬಹುದು. ವಾಲೆಟ್‌ನಲ್ಲಿ ಇರುವುದು ಸಹಿ ಹಾಕುವ ಕೀಲಿ ಮಾತ್ರ. ನೀವು ಚೆಕ್ಕಿನ ಸಹಿಯನ್ನು ಸ್ಪೆಸಿಮನ್ ಜೊತೆ ಹೋಲಿಸಿ ನೋಡುತ್ತಿದ್ದಿರಿ. ಅನುಮಾನ ಬಂದರೆ ಗ್ರಾಹಕರನ್ನೇ ಕರೆಸಿ ಕೇಳುತ್ತಿದ್ದಿರಿ. ಇಲ್ಲಿ ಕಂಪ್ಯೂಟರ್ ಗಣಿತ ಸರಿ ಇದೆಯಾ ಅಂತ ನೋಡುತ್ತದೆ. ಸರಿಯಿದ್ದರೆ ಪಾಸ್. ಸಹಿ ಹಾಕಿದ್ದು ನೀವೋ, ಕೀಲಿ ಕದ್ದವನೋ, ಮೋಸ ಹೋಗಿ ಹಾಕಿದಿರೋ, ಅದಕ್ಕೆ ಗೊತ್ತಾಗುವುದಿಲ್ಲ. ಒಮ್ಮೆ ಎಂಟ್ರಿ ಬಿದ್ದರೆ ಮುಗಿಯಿತು, ಹೊಡೆದುಹಾಕಿ ಮತ್ತೆ ಬರೆಯುವ ಹಾಗಿಲ್ಲ.

ಹೊಸ ವಾಲೆಟ್ ಮಾಡಿದಾಗ ಪರದೆಯ ಮೇಲೆ 12 ಇಂಗ್ಲಿಷ್ ಪದಗಳು ಬರುತ್ತವೆ. ಕೆಲವದರಲ್ಲಿ 24. ಸೀಡ್ ಫ್ರೇಸ್ ಅನ್ನುತ್ತಾರೆ. 2048 ಸಾಮಾನ್ಯ ಪದಗಳ ಒಂದು ಪಟ್ಟಿಯಿದೆ, ಅದರಿಂದ ಆರಿಸಿದ್ದು. ಕೀಲಿಗಳೆಲ್ಲ ಹುಟ್ಟುವುದು ಈ ಪದಗಳಿಂದಲೇ. ಫೋನು ಒಡೆದು ಚೂರಾದರೂ ಪರವಾಗಿಲ್ಲ. ಇನ್ನೊಂದು ಫೋನಿನಲ್ಲಿ ಅವೇ ಪದಗಳನ್ನು ಅದೇ ಕ್ರಮದಲ್ಲಿ ಹಾಕಿದರೆ ಎಲ್ಲ ಬರುತ್ತದೆ. ಆದರೆ ಬೇರೆ ಯಾರಾದರೂ ಹಾಕಿದರೆ ಅವರಿಗೂ ಬರುತ್ತದೆ! ಆ್ಯಪ್ ತೆರೆಯುವಾಗ ಅವನು ಹಾಕುವ ಪಿನ್ ಆ ಒಂದು ಫೋನಿಗಷ್ಟೇ ಬೀಗ. ಪದಗಳನ್ನು ಬರೆದುಕೊಂಡವನಿಗೆ ಪಿನ್ ಬೇಕಾಗಿಯೇ ಇಲ್ಲ.

ತಮ್ಮನನ್ನು ಕೇಳಿದೆ, "ಪದಗಳನ್ನು ಎಲ್ಲಿ ಇಟ್ಟಿದ್ದೀಯ?" ಅಂತ. "ಸ್ಕ್ರೀನ್‌ಶಾಟ್ ತೆಗೆದಿದ್ದೀನಿ" ಅಂದ. ಎದೆ ಧಸಕ್ಕೆಂದಿತು. ನಮ್ಮ ಫೋನುಗಳು ಫೋಟೋಗಳನ್ನು ತಾವಾಗಿಯೇ ಕ್ಲೌಡ್‌ಗೆ ಹಾಕಿಬಿಡುತ್ತವೆ. ಆ ಖಾತೆಯ ಪಾಸ್‌ವರ್ಡ್ ಯಾರಿಗಾದರೂ ಸಿಕ್ಕರೆ ಆಯಿತು. ಅದೂ ಸಾಲದು ಅಂತ, ಗ್ಯಾಲರಿಯ ಫೋಟೋಗಳನ್ನು ಓದಿ ಇಂಥ ಪದಗಳನ್ನೇ ಹುಡುಕುವ ಕಳ್ಳ ಆ್ಯಪ್‌ಗಳು 2025ರಲ್ಲಿ ಗೂಗಲ್ ಮತ್ತು ಆ್ಯಪಲ್‌ನ ಸ್ಟೋರ್‌ಗಳಲ್ಲೇ ಸಿಕ್ಕಿದವು. ಅವನು "ಡಿಲೀಟ್ ಮಾಡ್ತೀನಿ ಬಿಡು" ಅಂದ. ಸಾಕಾಗುವುದಿಲ್ಲ, ಅಪ್ಪ. ಹೊಸ ವಾಲೆಟ್ ಮಾಡಿ, ಹೊಸ ಪದಗಳನ್ನು ಕಾಗದದ ಮೇಲೆ ಬರೆದು, ಇದ್ದದ್ದನ್ನೆಲ್ಲ ಅಲ್ಲಿಗೆ ಕಳಿಸಬೇಕು. ಹಳೆಯದನ್ನು ಮರೆತುಬಿಡಬೇಕು.

ಕಾಗದದ ಮೇಲೆ ಬರೆದರೂ ಒಂದು ಕೆಲಸ ಬಾಕಿ ಇರುತ್ತದೆ. ಬರೆದದ್ದು ಸರಿಯಿದೆಯಾ ಅಂತ ನೋಡಬೇಕು. ನಾನು ಮೊದಲ ವಾಲೆಟ್‌ನಲ್ಲಿ ಚಿಲ್ಲರೆ ಹಾಕಿ, ಆ್ಯಪ್ ಅಳಿಸಿ, ಕಾಗದ ನೋಡಿಕೊಂಡು ಮತ್ತೆ ತೆರೆಯಲು ಕೂತೆ. ಏಳನೆಯ ಪದದಲ್ಲಿ ನನ್ನ ಕೈಬರಹ ನನಗೇ ಓದಲಾಗಲಿಲ್ಲ. ನೀವು ಬೈಯುತ್ತಿದ್ದ ಅದೇ ಕೋಳಿಕಾಲು ಅಕ್ಷರ. ಅದೃಷ್ಟಕ್ಕೆ, ಆ ಪಟ್ಟಿಯನ್ನು ಮಾಡುವಾಗ ಯಾವ ಎರಡು ಪದಗಳ ಮೊದಲ 4 ಅಕ್ಷರಗಳೂ ಒಂದೇ ಆಗದಂತೆ ನೋಡಿಕೊಂಡಿದ್ದಾರೆ. ಮೊದಲ ನಾಲ್ಕು ಓದಲು ಬಂತು, ಪದ ಸಿಕ್ಕಿತು. ಜಾಸ್ತಿ ದುಡ್ಡು ಹಾಕಿದ ಮೇಲೆ ಈ ಪರೀಕ್ಷೆ ಮಾಡಿದ್ದರೆ ನನ್ನ ಕೈ ನಡುಗುತ್ತಿತ್ತು.

ಇನ್ನು ನಿಮಗೆ ಇದುವರೆಗೆ ಹೇಳದ ಒಂದು ವಿಷಯ. ಬೈಯಬೇಡಿ. ಎರಡು ವರ್ಷದ ಹಿಂದೆ ನಾನು 600 ಡಾಲರ್ ಕಳೆದುಕೊಂಡೆ.

ಪದಗಳನ್ನು ಯಾರಿಗೂ ಕೊಟ್ಟಿರಲಿಲ್ಲ. ಒಂದು ಸೈಟಿನಲ್ಲಿ ಉಚಿತವಾಗಿ ಟೋಕನ್, ಅಂದರೆ ಒಂದು ಬಗೆಯ ಕ್ರಿಪ್ಟೋ ನಾಣ್ಯ, ಕೊಡುತ್ತೇವೆ ಅಂತ ಇತ್ತು. ವಾಲೆಟ್ ಕನೆಕ್ಟ್ ಮಾಡಿದೆ. ಪುಟ್ಟ ಕಿಟಕಿ ತೆರೆಯಿತು. ಅದರಲ್ಲಿ ನನ್ನ ಡಾಲರ್ ಕಾಯಿನ್‌ನ (ಒಂದಕ್ಕೆ ಒಂದು ಡಾಲರ್ ಲೆಕ್ಕದ ಕ್ರಿಪ್ಟೋ) ಹೆಸರು, ಕೆಳಗೆ 11579 ಅಂತ ಶುರುವಾಗಿ ಮೂರು ಸಾಲು ಹೋಗುವ ಒಂದು ಸಂಖ್ಯೆ, ಅದರ ಕೆಳಗೆ ನೀಲಿ ಬಣ್ಣದ "ಅಪ್ರೂವ್" ಬಟನ್. ಏನೋ ಕಂಪ್ಯೂಟರ್ ಭಾಷೆ ಅಂದುಕೊಂಡು ಒತ್ತಿದೆ. ಟೋಕನ್ ಬರಲಿಲ್ಲ. ಸುಮ್ನೆ ಮುಚ್ಚಿ ಮರೆತುಬಿಟ್ಟೆ. ಆಗ ವಾಲೆಟ್‌ನಲ್ಲಿ ಇದ್ದದ್ದು ಚಿಲ್ಲರೆ. ಅದನ್ನು ಯಾರೂ ಮುಟ್ಟಲಿಲ್ಲ.

19 ದಿನ ಆದಮೇಲೆ ಅದೇ ವಾಲೆಟ್‌ಗೆ 600 ಡಾಲರ್ ಕಾಯಿನ್ ಹಾಕಿದೆ. ಬಂತು ಅಂತ ನೋಡಿದೆ, ನೀರು ಕುಡಿಯಲು ಎದ್ದೆ, ವಾಪಸ್ ಬಂದಾಗ ಸೊನ್ನೆ. ನಾನು ಆ ದಿನ ಯಾವ ಸಹಿಯನ್ನೂ ಹಾಕಿರಲಿಲ್ಲ. ಹಾಕಿದ್ದು 19 ದಿನದ ಹಿಂದೆ. ಆ ಉದ್ದ ಸಂಖ್ಯೆಯಲ್ಲಿ 78 ಅಂಕಿಗಳಿರುತ್ತವೆ, ಇಂಥ ಕಾಯಿನ್‌ಗಳನ್ನು ನಡೆಸುವ ಪ್ರೋಗ್ರಾಮ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ ಅದೇ. "ಈ ಕಾಯಿನ್ ನನ್ನ ಹತ್ತಿರ ಎಷ್ಟಿದ್ದರೂ, ಯಾವಾಗ ಬಂದರೂ, ನೀನು ತೆಗೆದುಕೊಳ್ಳಬಹುದು" ಅಂತ ಅದರ ಅರ್ಥ. ಮೊತ್ತ ತುಂಬದೆ ಸಹಿ ಹಾಕಿದ ಚೆಕ್ಕು. ಚೆಕ್ಕಿಗಾದರೂ ಮೂರು ತಿಂಗಳ ಆಯುಸ್ಸು, ಇದಕ್ಕೆ ನಾನೇ ರದ್ದು ಮಾಡುವ ತನಕ. ಸೈಟಿನಿಂದ ಡಿಸ್‌ಕನೆಕ್ಟ್ ಆದರೆ ರದ್ದಾಗುವುದಿಲ್ಲ. ಆ್ಯಪ್ ಅಳಿಸಿದರೂ ಆಗುವುದಿಲ್ಲ. "ರಿವೋಕ್" ಅಂತ ಬೇರೆ ಸಹಿ ಹಾಕಬೇಕು, ಅದಕ್ಕೂ ಸ್ವಲ್ಪ ಶುಲ್ಕ ಇದೆ. ಇದನ್ನೆಲ್ಲ ನಾನು ಕಲಿತದ್ದು ದುಡ್ಡು ಹೋದ ಮೇಲೆ.

ಎರಡೇ ದಿನದಲ್ಲಿ ಒಬ್ಬ ಮೆಸೇಜ್ ಮಾಡಿದ. ಕಳೆದ ಕಾಯಿನ್ ವಾಪಸ್ ತರಿಸುತ್ತಾನಂತೆ, ಮೊದಲು ಫೀಸು ಕೊಡಬೇಕಂತೆ. ಗಾಯದ ವಾಸನೆಗೆ ಬರುವ ನೊಣಗಳು ಇವು. ಅವನನ್ನು ಬ್ಲಾಕ್ ಮಾಡುವಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಸಹಾಯ ಮಾಡುತ್ತೇವೆ ಅಂತ ಬಂದು 12 ಪದ ಕೇಳುವವರೂ ಇದೇ ಜಾತಿ. ವಾಲೆಟ್ ಕಂಪನಿಯವರಿಗೆ ಆ ಪದಗಳ ಅಗತ್ಯ ಯಾವತ್ತೂ ಬರುವುದಿಲ್ಲ.

ಈಗ ನನ್ನ ಹತ್ತಿರ ಹಾರ್ಡ್‌ವೇರ್ ವಾಲೆಟ್ ಇದೆ. ಬೆರಳುದ್ದದ ಸಾಧನ. ಕೀಲಿ ಅದರೊಳಗೇ ಇರುತ್ತದೆ, ಕಂಪ್ಯೂಟರ್‌ಗೆ ವೈರಸ್ ಬಂದರೂ ಹೊರಗೆ ಹೋಗುವುದಿಲ್ಲ. ತಮ್ಮ ಇದನ್ನೇ ಕೊಳ್ಳುತ್ತೇನೆ ಅನ್ನುತ್ತಿದ್ದಾನೆ. ಕೊಳ್ಳಲಿ, ಆದರೆ ತಯಾರಕರಿಂದಲೇ, ಸೆಕೆಂಡ್ ಹ್ಯಾಂಡ್ ಬೇಡ. ಡಬ್ಬಿಯಲ್ಲಿ ಪದಗಳನ್ನು ಮೊದಲೇ ಬರೆದಿಟ್ಟಿದ್ದರೆ ಅದು ಕಳ್ಳರ ಡಬ್ಬಿ. ಇಷ್ಟಾದರೂ, ಓದದೆ "ಓಕೆ" ಒತ್ತಿದರೆ ಈ ಸಾಧನವೂ ಕಾಪಾಡುವುದಿಲ್ಲ. 2025ರ ಫೆಬ್ರವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜ್‌ನಿಂದ (ಜನ ಕ್ರಿಪ್ಟೋ ಕೊಂಡು, ಮಾರಿ, ಇಟ್ಟುಕೊಳ್ಳುವ ಕಂಪನಿ) ಸುಮಾರು 150 ಕೋಟಿ ಡಾಲರ್ ಹೋಯಿತು. ಅಲ್ಲಿ ನಿಮ್ಮ ಜಂಟಿ ಖಾತೆಯ ಹಾಗೆ ಹಲವರ ಸಹಿ ಬೇಕಿತ್ತು. ಪರದೆಯಲ್ಲಿ ಕಂಡದ್ದು ಮಾಮೂಲಿ ವರ್ಗಾವಣೆ, ಸಹಿ ಬಿದ್ದದ್ದು ವಾಲೆಟ್‌ನ ಹಿಡಿತವನ್ನೇ ಬಿಟ್ಟುಕೊಡುವ ಕಾಗದಕ್ಕೆ. ಅದರ ಹಿಂದೆ ಉತ್ತರ ಕೊರಿಯಾದ ಹ್ಯಾಕರ್‌ಗಳಿದ್ದಾರೆ ಅಂತ ಎಫ್‌ಬಿಐ ಹೇಳಿತು. ಅಷ್ಟು ದೊಡ್ಡವರಿಗೇ ಹೀಗಾದರೆ, ನನ್ನ 600 ಯಾವ ಲೆಕ್ಕ!

"ಹಾಗಾದರೆ ಎಕ್ಸ್‌ಚೇಂಜ್‌ನಲ್ಲೇ ಬಿಟ್ಟರೆ?" ಅಂತ ನೀವು ಕೇಳುತ್ತೀರಿ. ಅಲ್ಲಿ ಮ್ಯಾನೇಜರ್ ಇರುತ್ತಾರೆ, ಪಾಸ್‌ವರ್ಡ್ ಮರೆತರೆ ಹೊಸದು ಕೊಡುತ್ತಾರೆ. ಆದರೆ ಕೀಲಿ ಅವರದ್ದು. 2014ರಲ್ಲಿ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ ಮುಳುಗಿತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಮುಳುಗಿತು, ಅದರ ಸ್ಥಾಪಕ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 2024ರಲ್ಲಿ 25 ವರ್ಷ ಜೈಲು ಆಯಿತು. ಬ್ಯಾಂಕಿನ ಠೇವಣಿಗೆ ಇರುವ ವಿಮೆ ಇದಕ್ಕೆ ಇಲ್ಲ. ನನ್ನ ಮಟ್ಟಿಗೆ, ಸ್ವಲ್ಪವೇ ಇದ್ದು, ಕಾಗದ ಜೋಪಾನ ಮಾಡುವ ಅಭ್ಯಾಸ ಇಲ್ಲದವರಿಗೆ ಎಕ್ಸ್‌ಚೇಂಜೇ ವಾಸಿ. ತಮ್ಮ ಯಾವ ಗುಂಪಿಗೆ ಸೇರುತ್ತಾನೆ ಅಂತ ನಿಮಗೇ ಗೊತ್ತು, ಅವನ ಮಾರ್ಕ್ಸ್ ಕಾರ್ಡ್ ಎಷ್ಟು ಸಲ ಕಳೆದಿದೆ ಹೇಳಿ.

ಕಳಿಸುವಾಗಿನ ಎಚ್ಚರ ಒಂದಿದೆ. ಕಳಿಸಬೇಕಾದ ವಿಳಾಸ ಅಂದರೆ, ಖಾತೆ ನಂಬರಿನ ಹಾಗೆ, ಉದ್ದನೆಯ ಅಕ್ಷರ-ಅಂಕಿಗಳ ಸಾಲು, ಎಲ್ಲರೂ ಮೊದಲ ನಾಲ್ಕು ಕೊನೆಯ ನಾಲ್ಕು ನೋಡಿ ಸರಿ ಅನ್ನುತ್ತಾರೆ. ಕಳ್ಳರು ಅದೇ ನಾಲ್ಕು-ನಾಲ್ಕು ಹೊಂದುವ ವಿಳಾಸ ಮಾಡಿ, ಅದು ನಮ್ಮ ಹಿಸ್ಟರಿಯಲ್ಲಿ ಕಾಣುವ ಹಾಗೆ ಸೊನ್ನೆ ಮೊತ್ತದ ಎಂಟ್ರಿ ತೂರಿಸುತ್ತಾರೆ. ಮುಂದಿನ ಸಲ ನಾವು ಹಿಸ್ಟರಿಯಿಂದ ಕಾಪಿ ಮಾಡಿದರೆ ದುಡ್ಡು ಅವರಿಗೆ. ಹಿಸ್ಟರಿಯಿಂದ ಕಾಪಿ ಮಾಡಬಾರದು. ಮೊದಲು ಚಿಕ್ಕ ಮೊತ್ತ ಕಳಿಸಿ, ಮುಟ್ಟಿತು ಅಂತ ಖಾತ್ರಿಯಾದ ಮೇಲೆ ಉಳಿದದ್ದು. ಎರಡು ಸಲ ಶುಲ್ಕ ಹೋಗುತ್ತದೆ, ಹೋಗಲಿ. ನೆಟ್‌ವರ್ಕ್, ಅಂದರೆ ಬ್ಲಾಕ್‌ಚೈನ್, ಯಾವುದು ಅಂತಲೂ ನೋಡಬೇಕು. ಒಂದೇ ಹೆಸರಿನ ಕಾಯಿನ್ ಬೇರೆ ಬೇರೆ ಚೈನ್‌ಗಳಲ್ಲಿ ಓಡುತ್ತದೆ.

ಬೆಲೆಯ ವಿಷಯ ಬೇರೆಯೇ. ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇತ್ತು, ಮುಂದಿನ ನವೆಂಬರ್‌ನಲ್ಲಿ 16,000ಕ್ಕಿಂತ ಕೆಳಗೆ. ಎಷ್ಟೇ ಭದ್ರವಾಗಿ ಇಟ್ಟರೂ ಇದು ತಪ್ಪುವುದಿಲ್ಲ. ಅವನು ಸಾಲ ಮಾಡಿ ಹಾಕಿಲ್ಲ ತಾನೇ? ಅದೊಂದನ್ನು ನೀವೇ ಕೇಳಿ, ನನಗೆ ನಿಜ ಹೇಳುವುದಿಲ್ಲ.

ಕೊನೆಗೆ ನೀವು ಮೆಲ್ಲಗೆ ಕೇಳಿದಿರಲ್ಲ, "ಇದಕ್ಕೆ ನಾಮಿನಿ?" ಅಂತ. ಇಲ್ಲ ಅಪ್ಪ. ಪದ ಗೊತ್ತಿದ್ದವರೇ ವಾರಸುದಾರರು. ಸ್ಟೆಫನ್ ಥಾಮಸ್ ಅನ್ನುವ ಪ್ರೋಗ್ರಾಮರ್ ಬದುಕಿದ್ದೂ ತನ್ನ 7,002 ಬಿಟ್‌ಕಾಯಿನ್ ಮುಟ್ಟಲಾಗದೆ ಕೂತ. ಕೀಲಿಗಳಿದ್ದ ಡ್ರೈವ್‌ನ ಪಾಸ್‌ವರ್ಡ್ ಬರೆದ ಚೀಟಿ ಕಳೆದುಹೋಗಿತ್ತು. 10 ಸಲ ತಪ್ಪಿದರೆ ಡ್ರೈವ್ ಶಾಶ್ವತವಾಗಿ ಮುಚ್ಚುತ್ತದೆ. 2021ರಲ್ಲಿ ಸುದ್ದಿಯಾಗುವ ಹೊತ್ತಿಗೆ 8 ಸಲ ಮುಗಿದಿತ್ತು.

ನನ್ನ ಪದಗಳು ಎರಡು ಕಡೆ ಇವೆ, ಎರಡೂ ಕಾಗದದ ಮೇಲೆ. ಎಲ್ಲಿ ಅಂತ ಇಲ್ಲಿ ಬರೆಯುವುದಿಲ್ಲ, ಫೋನಿನಲ್ಲೂ ಹೇಳುವುದಿಲ್ಲ. ಡಿಸೆಂಬರ್‌ನಲ್ಲಿ ಬಂದಾಗ ನೀವು, ನಾನು ಬಾಗಿಲು ಹಾಕಿ ಕೂರೋಣ. ತಮ್ಮನೂ ತನ್ನ ಕಾಗದ ತರಲಿ. ಅವನ ಎದುರೇ ಆ್ಯಪ್ ಅಳಿಸಿ, ಅವನ ಕೈಬರಹದಿಂದ ಮತ್ತೆ ತೆರೆಸುತ್ತೇನೆ. ನೀವು ಪಕ್ಕದಲ್ಲಿ ಕೂತು ಒಂದೊಂದು ಪದಕ್ಕೂ ಟಿಕ್ ಹಾಕಿ, ಹಿಂದೆ ವೋಚರ್‌ಗಳಿಗೆ ಹಾಕುತ್ತಿದ್ದ ಹಾಗೆ.

ನಿಮ್ಮ ಮಗಳು

ಮರೆತಿದ್ದೆ: ಅಮ್ಮನ ಹೊಸ ಕನ್ನಡಕದ ಚೀಟಿ ಕಳಿಸಿ. ಅದರದ್ದು ಬೇಕಾದರೆ ಫೋಟೋ ತೆಗೆದೇ ಕಳಿಸಬಹುದು.